ಕ್ರೆಡಿಟ್ ಕಾರ್ಡ್ ಕ್ಲೋಸ್ ಮಾಡಿಸುವ ಮುಂಚೆ ಒಂದು ಲೆಕ್ಕ ಹಾಕಿ

ಮೇಜಿನ ಡ್ರಾಯರ್‌ನಲ್ಲಿ ಒಂದು ಕಾರ್ಡ್ ಬಿದ್ದಿದೆ. ಬಳಸಿ ವರ್ಷವೇ ಆಗಿದೆ. ಈಗ ವಾರ್ಷಿಕ ಶುಲ್ಕ ಕಟ್ಟಿ ಅಂತ ಮೆಸೇಜ್ ಬಂದಿದೆ. "ಸುಮ್ನೆ ಯಾಕೆ ಇದು, ಕ್ಲೋಸ್ ಮಾಡಿಸಿಬಿಡೋಣ" ಅಂತ ಫೋನ್ ಕೈಗೆತ್ತಿಕೊಳ್ಳುತ್ತೀರಿ. ಅಷ್ಟರಲ್ಲಿ ಪಕ್ಕದಲ್ಲಿದ್ದವರು "ಬೇಡ, ಕ್ರೆಡಿಟ್ ಸ್ಕೋರ್ ಬಿದ್ದುಹೋಗುತ್ತೆ" ಅನ್ನುತ್ತಾರೆ. ಇನ್ನೊಬ್ಬರು "ಏನೂ ಆಗಲ್ಲ ಬಿಡಿ" ಅನ್ನುತ್ತಾರೆ. ಸ್ಕೋರ್ ಅಂದರೆ ಸಾಲ ತೀರಿಸುವುದರಲ್ಲಿ ನೀವು ಎಷ್ಟು ನಂಬಿಕಸ್ಥರು ಅಂತ ಬ್ಯಾಂಕ್‌ಗಳಿಗೆ ಹೇಳುವ ಅಂಕ. ಇಬ್ಬರ ಮಾತೂ ಅರ್ಧರ್ಧ ಸರಿ.

ಕಾರ್ಡ್ ಕ್ಲೋಸ್ ಆಯಿತು ಅನ್ನುವ ಒಂದೇ ಕಾರಣಕ್ಕೆ ಯಾರೂ ನಿಮ್ಮ ಅಂಕ ಕತ್ತರಿಸುವುದಿಲ್ಲ. ಪೆಟ್ಟು ಬೀಳುವುದು ಬಳಸುದಾರಿಯಲ್ಲಿ. ಕಾರ್ಡ್ ಹೋಗುವಾಗ ಅದರ ಲಿಮಿಟ್ಟನ್ನೂ, ಅಂದರೆ ಅದರಲ್ಲಿ ಹೆಚ್ಚೆಂದರೆ ಎಷ್ಟು ಖರ್ಚು ಮಾಡಬಹುದು ಅನ್ನುವ ಮಿತಿಯನ್ನೂ, ಜೊತೆಗೆ ಎತ್ತಿಕೊಂಡು ಹೋಗುತ್ತದೆ. ಆ ಲಿಮಿಟ್ ಹೋದರೆ ನಿಮಗೆ ಎಷ್ಟು ನಷ್ಟ ಅನ್ನುವುದು ಉಳಿದ ಕಾರ್ಡ್‌ಗಳಲ್ಲಿ ನೀವು ಎಷ್ಟು ಖರ್ಚು ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಒಬ್ಬರಿಗೆ ಸ್ಕೋರ್ ಚೆನ್ನಾಗಿಯೇ ಇಳಿಯುತ್ತದೆ, ಇನ್ನೊಬ್ಬರಿಗೆ ಅಲುಗಾಡುವುದೂ ಇಲ್ಲ. ನೀವು ಯಾವ ಗುಂಪಿನವರು ಅಂತ ಐದು ನಿಮಿಷದಲ್ಲಿ ತಿಳಿಯಬಹುದು. ಒಂದು ಹಾಳೆ, ಒಂದು ಪೆನ್ನು ಸಾಕು.

ಸ್ಕೋರ್ ಏನನ್ನು ನೋಡುತ್ತದೆ?

ಕ್ರೆಡಿಟ್ ಬ್ಯೂರೊ ಅಂದರೆ ನಮ್ಮ ಸಾಲದ ಜಾತಕ ಇಟ್ಟುಕೊಂಡಿರುವ ಸಂಸ್ಥೆ. ನಿಮ್ಮ ಲಿಮಿಟ್ ಎಷ್ಟು, ಬಾಕಿ ಎಷ್ಟು, ಬಿಲ್ ಸಮಯಕ್ಕೆ ಕಟ್ಟಿದಿರಾ ಇಲ್ಲವಾ ಅನ್ನುವುದನ್ನೆಲ್ಲ ಬ್ಯಾಂಕ್‌ಗಳು ಅದಕ್ಕೆ ಕಳಿಸುತ್ತಿರುತ್ತವೆ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅನ್ನುವ ಮೂರು ಹೆಸರುಗಳು ಹಲವು ದೇಶಗಳಲ್ಲಿ ಕಾಣಸಿಗುತ್ತವೆ. ಭಾರತದಲ್ಲಿ ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಹೋಗುತ್ತದೆ. ಅಮೆರಿಕದ ಫೈಕೊ ಸ್ಕೋರ್ 300ರಿಂದ 850ರವರೆಗೆ. ದೇಶ ಬದಲಾದರೆ ಅಳತೆಗೋಲು ಬದಲಾಗುತ್ತದೆ. ನೋಡುವ ಸಂಗತಿಗಳು ಮಾತ್ರ ಹೆಚ್ಚುಕಡಿಮೆ ಒಂದೇ.

1989ರಿಂದ ಬಳಕೆಯಲ್ಲಿರುವ ಫೈಕೊ ಸ್ಕೋರ್‌ನಲ್ಲಿ ಯಾವುದಕ್ಕೆ ಎಷ್ಟು ತೂಕ ಅಂತ ಅದನ್ನು ರೂಪಿಸಿದ ಕಂಪನಿಯೇ ಹೇಳಿಕೊಂಡಿದೆ. ಸಮಯಕ್ಕೆ ಕಟ್ಟಿದ್ದಕ್ಕೆ ಶೇಕಡಾ 35. ಸಾಲದ ಬಾಕಿ ಎಷ್ಟಿದೆ ಅನ್ನುವುದಕ್ಕೆ 30. ಸಾಲದ ಖಾತೆಗಳು ಎಷ್ಟು ಹಳೆಯವು ಅನ್ನುವುದಕ್ಕೆ 15. ಹೊಸದಾಗಿ ಸಾಲ ಕೇಳಿದ್ದಕ್ಕೆ 10, ಬೇರೆ ಬೇರೆ ಥರದ ಸಾಲಗಳ ಮಿಶ್ರಣಕ್ಕೆ 10. ಈ ಪಟ್ಟಿಯಲ್ಲಿ ಕಾರ್ಡ್ ಕ್ಲೋಸ್ ಮಾಡುವುದು ಎಲ್ಲಿಗೆ ತಾಗುತ್ತದೆ ನೋಡಿ. ಮೊದಲ 35ಕ್ಕೆ ತಾಗುವುದೇ ಇಲ್ಲ. ನೀವು ಇಷ್ಟು ವರ್ಷ ಸರಿಯಾಗಿ ಕಟ್ಟಿದ ದಾಖಲೆ ಕಾರ್ಡ್ ಜೊತೆ ಮಾಯವಾಗುವುದಿಲ್ಲ. ತಡವಾಗಿ ಕಟ್ಟಿದ ದಾಖಲೆಯೂ ಮಾಯವಾಗುವುದಿಲ್ಲ ಅನ್ನಿ. "ಕ್ಲೋಸ್ ಮಾಡಿದರೆ ಹಳೇ ತಪ್ಪು ಅಳಿಸಿಹೋಗುತ್ತೆ" ಅಂತ ನಂಬಿದವರು ಬಹಳ ಮಂದಿ. ಹಾಗೇನೂ ಆಗಲ್ಲ.

ತಾಗುವುದು ಆ 30ಕ್ಕೆ. ಸ್ವಲ್ಪ ಮಟ್ಟಿಗೆ, ಅದೂ ನಿಧಾನವಾಗಿ, 15ಕ್ಕೆ. ನಿಮ್ಮ ಹತ್ತಿರ ಇರುವುದು ಒಂದೇ ಕಾರ್ಡ್ ಆಗಿದ್ದರೆ ಮಿಶ್ರಣದ 10ಕ್ಕೂ ಒಂಚೂರು.

ಹಂತ 1: ಲಿಮಿಟ್ ಮತ್ತು ಬಾಕಿ ಬರೆದುಕೊಳ್ಳಿ

ನಿಮ್ಮ ಎಲ್ಲ ಕಾರ್ಡ್‌ಗಳ ಲಿಮಿಟ್ ಒಂದು ಸಾಲಿನಲ್ಲಿ ಬರೆಯಿರಿ. ಪಕ್ಕದಲ್ಲಿ ಕಳೆದ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿದ್ದ ಮೊತ್ತ ಬರೆಯಿರಿ. ಗಮನಿಸಿ, ಬಿಲ್ ಕಟ್ಟಿದ ಮೇಲೆ ಉಳಿದದ್ದಲ್ಲ, ಸ್ಟೇಟ್‌ಮೆಂಟ್‌ನಲ್ಲಿ ಬಂದದ್ದು. ಸಾಮಾನ್ಯವಾಗಿ ಬ್ಯಾಂಕ್ ಬ್ಯೂರೊಗೆ ಕಳಿಸುವುದು ಅದನ್ನೇ. ಪ್ರತಿ ತಿಂಗಳೂ ಪೂರ್ತಿ ಕಟ್ಟುವವರ ರಿಪೋರ್ಟ್‌ನಲ್ಲೂ ಬಾಕಿ ಕಾಣಿಸುವುದು ಇದೇ ಕಾರಣಕ್ಕೆ.

ಈಗ ಒಟ್ಟು ಬಾಕಿಯನ್ನು ಒಟ್ಟು ಲಿಮಿಟ್‌ನಿಂದ ಭಾಗಿಸಿ ನೂರರಿಂದ ಗುಣಿಸಿ. ಬಂದ ಶೇಕಡಾವಾರನ್ನು ಯುಟಿಲೈಸೇಷನ್ ಅನ್ನುತ್ತಾರೆ. ಕೊಟ್ಟ ಲಿಮಿಟ್‌ನಲ್ಲಿ ಎಷ್ಟು ಪಾಲು ತಿಂದಿದ್ದೀರಿ ಅನ್ನುವ ಲೆಕ್ಕ ಅಷ್ಟೇ.

ಒಂದು ಉದಾಹರಣೆ. ಮೂರು ಕಾರ್ಡ್ ಇವೆ ಅಂದುಕೊಳ್ಳಿ. ಮೊದಲನೆಯದರ ಲಿಮಿಟ್ 1 ಲಕ್ಷ, ಎರಡನೆಯದರದ್ದು 60 ಸಾವಿರ, ಮೂರನೆಯದರದ್ದು 40 ಸಾವಿರ. ಒಟ್ಟು 2 ಲಕ್ಷ. ಮೊದಲನೆಯದನ್ನು ನೀವು ಮುಟ್ಟುವುದೇ ಇಲ್ಲ. ಎರಡನೆಯದರಲ್ಲಿ 40 ಸಾವಿರ, ಮೂರನೆಯದರಲ್ಲಿ 10 ಸಾವಿರ, ಹೀಗೆ ಒಟ್ಟು 50 ಸಾವಿರ ಬಾಕಿ ಇದೆ. ಅಂದರೆ ಬಳಕೆ ಶೇಕಡಾ 25.

"ಮುಟ್ಟುವುದೇ ಇಲ್ಲವಲ್ಲ" ಅಂತ ಮೊದಲನೆಯದನ್ನು ಕ್ಲೋಸ್ ಮಾಡಿಸಿದಿರಿ. ಈಗ ಒಟ್ಟು ಲಿಮಿಟ್ 1 ಲಕ್ಷ. ಬಾಕಿ ಅದೇ 50 ಸಾವಿರ. ಬಳಕೆ ಒಂದೇ ಏಟಿಗೆ ಶೇಕಡಾ 50. ನೀವು ಒಂದು ಪೈಸೆ ಜಾಸ್ತಿ ಖರ್ಚು ಮಾಡಿಲ್ಲ. ಆದರೂ ದೂರದಿಂದ ನೋಡುವ ಬ್ಯಾಂಕಿಗೆ ನೀವು ದುಡ್ಡಿನ ಮುಗ್ಗಟ್ಟಿನಲ್ಲಿ ಇರುವವರ ಹಾಗೆ ಕಾಣುತ್ತೀರಿ. ಸ್ಕೋರ್ ಇಳಿಯುವುದು ಇಲ್ಲೇ. ಬಳಸದ ಕಾರ್ಡ್ ಸುಮ್ಮನೆ ಕೂತಿದ್ದರೂ ಅದರ ಲಿಮಿಟ್ ನಿಮ್ಮ ಪರವಾಗಿ ಕೆಲಸ ಮಾಡುತ್ತಿತ್ತು.

ಇನ್ನೊಂದು ಕಡೆಯಿಂದ ನೋಡೋಣ. ಮೂರನೆಯ ಕಾರ್ಡಿನ 10 ಸಾವಿರದ ಖರ್ಚನ್ನು ಮೊದಲನೆಯದಕ್ಕೆ ಬದಲಾಯಿಸಿ, ಆ ಮೂರನೆಯದನ್ನೇ ಕ್ಲೋಸ್ ಮಾಡಿಸಿದ್ದರೆ? ಲಿಮಿಟ್ 1 ಲಕ್ಷ 60 ಸಾವಿರ. ಬಳಕೆ ಶೇಕಡಾ 31ರ ಆಸುಪಾಸು. ಏರಿಕೆ ಇದೆ, ಆದರೆ ಗಾಬರಿ ಬೀಳುವಷ್ಟಲ್ಲ. ತಿಂಗಳ ಬಿಲ್ಲೇ 5 ಸಾವಿರ ಆಗಿದ್ದರಂತೂ ಯಾವುದನ್ನು ಕ್ಲೋಸ್ ಮಾಡಿದರೂ ಎರಡೂವರೆ ಇದ್ದದ್ದು ಹೆಚ್ಚೆಂದರೆ ಐದು ಆಗುತ್ತದೆ. ಅಂಥವರು ಈ ಲೇಖನವನ್ನು ಇಲ್ಲಿಂದ ಐದನೇ ಹಂತಕ್ಕೆ ಜಿಗಿದು ಓದಬಹುದು.

ಶೇಕಡಾ 30 ದಾಟಬಾರದು ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ನೆನಪಿಟ್ಟುಕೊಳ್ಳಲು ಸುಲಭವಾದ ಗುರುತು ಅಷ್ಟೇ. 29ಕ್ಕೆ ಬಹುಮಾನ, 31ಕ್ಕೆ ಶಿಕ್ಷೆ ಅಂತೇನಿಲ್ಲ. ಕಡಿಮೆ ಇದ್ದಷ್ಟೂ ಒಳ್ಳೆಯದು. ಒಟ್ಟು ಲೆಕ್ಕದ ಜೊತೆ ಒಂದೊಂದು ಕಾರ್ಡಿನ ಲೆಕ್ಕವನ್ನೂ ನೋಡುವ ಸ್ಕೋರ್‌ಗಳಿವೆ. ಮೇಲಿನ ಉದಾಹರಣೆಯ ಎರಡನೆಯ ಕಾರ್ಡ್ ಅದರ ಲಿಮಿಟ್‌ನ ಮೂರನೇ ಎರಡು ಪಾಲು ತುಂಬಿದೆ. ಅದೂ ಒಳ್ಳೆಯ ಲಕ್ಷಣವಲ್ಲ.

ಸಮಾಧಾನದ ಸಂಗತಿ ಒಂದಿದೆ. ಬಹುತೇಕ ಸ್ಕೋರ್‌ಗಳಲ್ಲಿ ಈ ಬಳಕೆಯ ಲೆಕ್ಕಕ್ಕೆ ನೆನಪಿನ ಶಕ್ತಿ ಕಡಿಮೆ. ಈ ತಿಂಗಳು 50 ಇದ್ದು ಮುಂದಿನ ತಿಂಗಳು 10ಕ್ಕೆ ಇಳಿದರೆ, ಹೊಸ ಮಾಹಿತಿ ಬ್ಯೂರೊ ತಲುಪಿದ ಕೂಡಲೇ ಸ್ಕೋರ್ ಚೇತರಿಸಿಕೊಳ್ಳುತ್ತದೆ. ಫೈಕೊ 10ಟಿ, ವ್ಯಾಂಟೇಜ್‌ಸ್ಕೋರ್ 4.0ರಂಥ ಹೊಸ ಲೆಕ್ಕಗಳು ಮಾತ್ರ ಹಿಂದಿನ ತಿಂಗಳುಗಳ ಏರಿಳಿತವನ್ನೂ ನೋಡುತ್ತವೆ.

ಹಂತ 2: ಕಾರ್ಡಿನ ವಯಸ್ಸು ನೋಡಿ, ಆದರೆ ಹೆದರಬೇಡಿ

"ಹಳೇ ಕಾರ್ಡ್ ಯಾವತ್ತೂ ಕ್ಲೋಸ್ ಮಾಡಬೇಡಿ" ಅನ್ನುವುದು ಇನ್ನೊಂದು ಜನಪ್ರಿಯ ಉಪದೇಶ. ಇದರಲ್ಲಿ ಸತ್ಯ ಇದೆ, ಉತ್ಪ್ರೇಕ್ಷೆ ಜಾಸ್ತಿ ಇದೆ.

ಕ್ಲೋಸ್ ಆದ ಖಾತೆ ಮರುದಿನವೇ ರಿಪೋರ್ಟ್‌ನಿಂದ ಹೊರಗೆ ಬೀಳುವುದಿಲ್ಲ. ಅಮೆರಿಕದಲ್ಲಿ, ತಕರಾರಿಲ್ಲದೆ ಮುಚ್ಚಿದ ಖಾತೆ ಹತ್ತು ವರ್ಷದವರೆಗೂ ಅಲ್ಲಿ ಇರಬಹುದು. ಬ್ರಿಟನ್‌ನಲ್ಲಿ ಆರು ವರ್ಷ. ರಿಪೋರ್ಟ್‌ನಲ್ಲಿ ಇರುವಷ್ಟು ದಿನವೂ ಫೈಕೊ ಅದರ ವಯಸ್ಸನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಎಲ್ಲ ಸ್ಕೋರ್‌ಗಳೂ ಹೀಗೇ ಮಾಡುವುದಿಲ್ಲ. ಕೆಲವು, ತೆರೆದಿರುವ ಖಾತೆಗಳನ್ನಷ್ಟೇ ಎಣಿಸುತ್ತವೆ.

ಹಾಳೆಯ ಮೇಲೆ ನೋಡೋಣ. 12 ವರ್ಷದ್ದೊಂದು, 5 ವರ್ಷದ್ದೊಂದು, 1 ವರ್ಷದ್ದೊಂದು ಕಾರ್ಡ್ ಇವೆ. ಸರಾಸರಿ 6 ವರ್ಷ. ಹಳೆಯದು ತಕ್ಷಣ ಲೆಕ್ಕದಿಂದ ಹೊರಬಿದ್ದರೆ ಸರಾಸರಿ 3ಕ್ಕೆ ಇಳಿಯುತ್ತದೆ, ಅದು ದೊಡ್ಡ ಕುಸಿತವೇ. ಆದರೆ ಹತ್ತು ವರ್ಷ ಆದ ಮೇಲೆ ಹೊರಬಿದ್ದರೆ? ಅಷ್ಟೊತ್ತಿಗೆ ಉಳಿದ ಎರಡಕ್ಕೆ 15 ಮತ್ತು 11 ವರ್ಷ ತುಂಬಿರುತ್ತದೆ. ಸರಾಸರಿ 13. ಯಾರಿಗೆ ಏನು ತೊಂದರೆ?

ನನ್ನ ಅಭಿಪ್ರಾಯ ಹೀಗಿದೆ. ನಿಮ್ಮ ಹತ್ತಿರ ನಾಲ್ಕಾರು ವರ್ಷದ ಬೇರೆ ಕಾರ್ಡ್‌ಗಳಿದ್ದರೆ ವಯಸ್ಸಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇರುವುದೆಲ್ಲ ಹೊಸದು, ಹಳೆಯದು ಅಂತ ಇರುವುದು ಇದೊಂದೇ ಅಂದರೆ ಅದನ್ನು ಉಳಿಸಿಕೊಂಡು ಬೇರೆಯದನ್ನು ಕೈಬಿಡಿ. ಇರುವುದೇ ಒಂದು ಕಾರ್ಡ್, ಬೇರೆ ಸಾಲವೂ ಇಲ್ಲ ಅಂದರೆ ಇನ್ನೂ ಯೋಚಿಸಿ. ಹೊಸ ಚಟುವಟಿಕೆಯೇ ಇಲ್ಲದ ರಿಪೋರ್ಟ್‌ನಿಂದ ಸ್ಕೋರ್ ಹುಟ್ಟುವುದೇ ಕಷ್ಟ ಆಗಬಹುದು.

ಹಂತ 3: ಕ್ಯಾಲೆಂಡರ್ ನೋಡಿ

ಮನೆ ಸಾಲ, ವಾಹನ ಸಾಲ, ದೊಡ್ಡ ಮೊತ್ತದ ಯಾವ ಸಾಲವಾದರೂ ಸರಿ, ಮುಂದಿನ ಆರು ತಿಂಗಳಲ್ಲಿ ಕೇಳುವ ಯೋಚನೆ ಇದ್ದರೆ ಈಗ ಕ್ಲೋಸ್ ಮಾಡಿಸಬೇಡಿ. ಸಾಲ ಕೈಗೆ ಬಂದ ಮೇಲೆ ಮಾಡಿಸಿ. ಸ್ಕೋರ್ ಸ್ವಲ್ಪ ಇಳಿದರೂ ಮಾಮೂಲಿ ದಿನದಲ್ಲಿ ನಿಮಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ದೊಡ್ಡ ಸಾಲದ ಬಡ್ಡಿ ದರ ನಿಗದಿ ಆಗುವ ಹೊತ್ತಿಗೆ ಇಳಿದಿದ್ದರೆ ಅದರ ಬೆಲೆಯನ್ನು ವರ್ಷಗಟ್ಟಲೆ ಕಟ್ಟಬೇಕಾಗುತ್ತದೆ. ವಾರ್ಷಿಕ ಶುಲ್ಕ ಉಳಿಸಲು ಹೋಗಿ ಬಡ್ಡಿಯಲ್ಲಿ ಅದರ ಹತ್ತು ಪಟ್ಟು ಕಳೆದುಕೊಳ್ಳುವುದು ಯಾವ ಜಾಣತನ?

ಒಂದಕ್ಕಿಂತ ಜಾಸ್ತಿ ಕಾರ್ಡ್ ಕ್ಲೋಸ್ ಮಾಡಿಸಬೇಕಿದ್ದರೂ ಒಂದೇ ದಿನ ಮಾಡಿಸಬೇಡಿ. ಒಂದು ಮುಗಿಸಿ, ಎರಡು ಮೂರು ತಿಂಗಳು ಬಿಟ್ಟು, ಸ್ಕೋರ್ ಎಲ್ಲಿ ನಿಂತಿದೆ ಅಂತ ನೋಡಿಕೊಂಡು ಇನ್ನೊಂದಕ್ಕೆ ಕೈ ಹಾಕಿ.

ಹಂತ 4: ಕ್ಲೋಸ್ ಮಾಡದೇ ಕೆಲಸ ಆಗುತ್ತದಾ ಕೇಳಿ

ಬಹುಪಾಲು ಜನಕ್ಕೆ ಬೇಸರ ಕಾರ್ಡ್ ಮೇಲಲ್ಲ, ಅದರ ಶುಲ್ಕದ ಮೇಲೆ. ಹಾಗಿದ್ದರೆ ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "ಶುಲ್ಕ ಮನ್ನಾ ಮಾಡುತ್ತೀರಾ, ಇಲ್ಲದಿದ್ದರೆ ಕ್ಲೋಸ್ ಮಾಡಿಸುತ್ತೇನೆ" ಅಂತ ನೇರವಾಗಿ ಕೇಳಿ. ಕೇಳಿದವರಿಗೆ ಎಷ್ಟೋ ಸಲ ಸಿಗುತ್ತದೆ. ಕೇಳದವರು ಕಟ್ಟುತ್ತಾರೆ.

ಒಪ್ಪಲಿಲ್ಲವಾ? ಅದೇ ಬ್ಯಾಂಕಿನಲ್ಲಿ ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಡಲು ಆಗುತ್ತದಾ ಕೇಳಿ. ಹಲವು ಕಡೆ ಖಾತೆ ಅದೇ ಉಳಿದು ಕಾರ್ಡ್ ಮಾತ್ರ ಬದಲಾಗುತ್ತದೆ, ಲಿಮಿಟ್ಟೂ ವಯಸ್ಸೂ ಎರಡೂ ಉಳಿಯುತ್ತವೆ. ಕೆಲವೊಮ್ಮೆ ಹಳೆಯದನ್ನು ಮುಚ್ಚಿ ಹೊಸ ಖಾತೆ ತೆರೆಯುತ್ತಾರೆ. ಇದು ಯಾವ ಥರದ್ದು ಅನ್ನುವುದನ್ನು ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಿ. ಅದೇ ಬ್ಯಾಂಕಿನ ಎರಡು ಕಾರ್ಡ್ ನಿಮ್ಮ ಹತ್ತಿರ ಇದ್ದರೆ, ಮುಚ್ಚುವ ಕಾರ್ಡಿನ ಲಿಮಿಟ್ಟನ್ನು ಉಳಿಯುವ ಕಾರ್ಡಿಗೆ ಸೇರಿಸಿಕೊಡಿ ಅಂತಲೂ ಕೇಳಬಹುದು. ಇದಕ್ಕೆ ಒಪ್ಪಿದರೆ ಮೊದಲ ಹಂತದಲ್ಲಿ ಹೇಳಿದ ತಲೆನೋವೇ ಇರುವುದಿಲ್ಲ.

ಶುಲ್ಕವೇ ಇಲ್ಲದ ಕಾರ್ಡ್ ಆಗಿದ್ದರೆ ಇಟ್ಟುಕೊಳ್ಳುವುದರಲ್ಲಿ ನಷ್ಟವಿಲ್ಲ. ಆದರೆ ಪೂರ್ತಿ ಮರೆತುಬಿಟ್ಟರೆ ಬ್ಯಾಂಕೇ ಒಂದು ದಿನ ಮುಚ್ಚಿಬಿಡಬಹುದು. ಕೆಲವು ತಿಂಗಳಿಗೊಮ್ಮೆ ಒಂದು ಸಣ್ಣ ಬಿಲ್ ಅದರಲ್ಲಿ ಕಟ್ಟಿ, ಆ ಮೊತ್ತವನ್ನು ಪೂರ್ತಿ ತೀರಿಸಿ. ಹಾಂ, ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟಿದರೆ ಸ್ಕೋರ್ ಏರುತ್ತದೆ ಅನ್ನುವುದು ಶುದ್ಧ ಸುಳ್ಳು. ಬಡ್ಡಿ ಕಟ್ಟಿದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಹಂತ 5: ಮುಚ್ಚುವ ಮುಂಚೆ ಮನೆ ಗುಡಿಸಿ

ನಿರ್ಧಾರ ಆಯಿತು, ಕ್ಲೋಸ್ ಮಾಡಿಸಲೇಬೇಕು. ಸರಿ. ಲಿಮಿಟ್ ಹೋದದ್ದಕ್ಕಿಂತ ದೊಡ್ಡ ಹಾನಿ ಸ್ಕೋರ್‌ಗೆ ಆಗುವುದು ಈ ಹಂತವನ್ನು ಅವಸರದಲ್ಲಿ ಮಾಡಿದರೆ. ಅನುಭವದ ಮಾತು ಇದು.

ಕೆಲವು ವರ್ಷದ ಹಿಂದೆ ನಾನೊಂದು ಕಾರ್ಡ್ ಕ್ಲೋಸ್ ಮಾಡಿಸಿದೆ. ಆ ತಿಂಗಳ ಬಿಲ್ ಪೂರ್ತಿ ಕಟ್ಟಿದೆ, ಫೋನ್ ಮಾಡಿ ಹೇಳಿದೆ, ಕಾರ್ಡನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ. ಮುಗಿಯಿತು ಅಂದುಕೊಂಡೆ. ಹಿಂದಿನ ತಿಂಗಳು ಬಾಕಿ ಉಳಿಸಿಕೊಂಡಿದ್ದೆ ಅನ್ನುವುದು ಮರೆತೇಹೋಗಿತ್ತು. ಸ್ಟೇಟ್‌ಮೆಂಟ್ ತಯಾರಾದ ದಿನದಿಂದ ನಾನು ಕಟ್ಟಿದ ದಿನದವರೆಗೆ ಬಡ್ಡಿ ಓಡುತ್ತಲೇ ಇತ್ತು. ಒಂದು ಊಟದ ಬಿಲ್ಲಿಗೂ ಸಾಕಾಗದಷ್ಟು ಸಣ್ಣ ಮೊತ್ತ. ಕಾರ್ಡೇ ಇಲ್ಲವಲ್ಲ ಅಂತ ನಾನು ಆ ಬ್ಯಾಂಕಿನ ಮೇಲ್ ತೆರೆಯುವುದನ್ನೇ ಬಿಟ್ಟಿದ್ದೆ. ಅದರ ಮೇಲೆ ತಡ ಶುಲ್ಕ, ಅದರ ಮೇಲೆ ಮತ್ತೆ ಬಡ್ಡಿ. ಗೊತ್ತಾಗುವ ಹೊತ್ತಿಗೆ ರಿಪೋರ್ಟ್‌ನಲ್ಲಿ "ತಡ ಪಾವತಿ" ಅಂತ ಬಿದ್ದಿತ್ತು. ಶೇಕಡಾ 35ರ ಪಾಲನ್ನು ಮುಟ್ಟಲು ಸಾಧ್ಯವಿಲ್ಲ ಅಂತ ಮೇಲೆ ಬರೆದೆನಲ್ಲ, ಮುಟ್ಟುವ ದಾರಿ ಒಂದಿದ್ದರೆ ಅದು ಇದೇ.

ಆದ್ದರಿಂದ, ಬಾಕಿಯನ್ನು ಕಟ್ಟಿ ಇನ್ನೊಂದು ಸ್ಟೇಟ್‌ಮೆಂಟ್ ಬರುವವರೆಗೆ ಕಾಯಿರಿ. ಅದರಲ್ಲಿ ಸೊನ್ನೆ ಕಂಡ ಮೇಲೆ ಕ್ಲೋಸ್ ಮಾತು ಎತ್ತಿ. ಈ ಕಾರ್ಡಿನಿಂದ ತನ್ನಷ್ಟಕ್ಕೆ ಹಣ ಹೋಗುವ ಎಲ್ಲವನ್ನೂ ಬೇರೆ ಕಡೆಗೆ ಬದಲಾಯಿಸಿ: ಫೋನ್ ಬಿಲ್, ವಿಮೆ ಕಂತು, ಸಿನಿಮಾ ನೋಡುವ ಆ್ಯಪ್‌ಗಳು. ವರ್ಷಕ್ಕೊಮ್ಮೆ ಮಾತ್ರ ಕತ್ತರಿಸಿಕೊಳ್ಳುವಂಥವು ಸುಲಭವಾಗಿ ಕಣ್ತಪ್ಪುತ್ತವೆ. ಹಾಗಾಗಿ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಮೇಲೆ ಕಣ್ಣಾಡಿಸಿ. ಇಎಂಐ ಓಡುತ್ತಿದ್ದರೆ ಉಳಿದ ಅಸಲನ್ನೆಲ್ಲ ಒಟ್ಟಿಗೆ ಕೇಳುತ್ತಾರೆ, ಅದರ ಮೇಲೊಂದು ಶುಲ್ಕವೂ ಇರಬಹುದು. ರಿವಾರ್ಡ್ ಪಾಯಿಂಟ್ ಇದ್ದರೆ ಬಳಸಿಬಿಡಿ. ಕಾರ್ಡ್ ಮುಚ್ಚಿದ ಮೇಲೆ ಅವು ಸಾಮಾನ್ಯವಾಗಿ ನೀರು ಪಾಲು. ಜಾಸ್ತಿ ಕಟ್ಟಿ ಹಣ ಜಮಾ ಇದ್ದರೆ ಅದನ್ನು ವಾಪಸ್ ಕೇಳಿ. ಠೇವಣಿ ಇಟ್ಟು ತೆಗೆದುಕೊಂಡ ಕಾರ್ಡ್ ಆದರೆ ಠೇವಣಿ ಯಾವಾಗ ಬಿಡಿಸಿಕೊಡುತ್ತಾರೆ ಅಂತಲೂ.

ನಿಮ್ಮ ಕಾರ್ಡಿನ ಮೇಲೆ ಮನೆಯ ಬೇರೆಯವರಿಗೆ ಆಡ್-ಆನ್ ಕಾರ್ಡ್ ಕೊಡಿಸಿದ್ದೀರಾ? ನಿಮ್ಮದು ಮುಚ್ಚಿದ ಕ್ಷಣ ಅವರದೂ ನಿಲ್ಲುತ್ತದೆ. ಕೌಂಟರಿನ ಮುಂದೆ ನಿಂತು ಕಾರ್ಡ್ ಉಜ್ಜಿ ಮುಖ ಸಣ್ಣದು ಮಾಡಿಕೊಳ್ಳುವ ಸ್ಥಿತಿ ಅವರಿಗೆ ಬರದಿರಲಿ, ಮೊದಲೇ ಹೇಳಿ. ಕೆಲವು ದೇಶಗಳಲ್ಲಿ ಆ ಖಾತೆ ಅವರ ರಿಪೋರ್ಟ್‌ನಲ್ಲೂ ಇರುತ್ತದೆ, ಅಂದರೆ ನಿಮ್ಮ ಲಿಮಿಟ್ ಹೋದದ್ದು ಅವರಿಗೂ ತಾಗುತ್ತದೆ.

ಹಂತ 6: ಕೇಳಿಕೊಳ್ಳುವುದು ಬರಹದಲ್ಲಿರಲಿ

ಕಾರ್ಡ್ ಕತ್ತರಿಸಿದರೆ ಖಾತೆ ಮುಚ್ಚುವುದಿಲ್ಲ. ಬಳಸುವುದು ಬಿಟ್ಟ ಮಾತ್ರಕ್ಕೆ ತಕ್ಷಣ ಮುಚ್ಚುವುದೂ ಇಲ್ಲ. ನೀವು ಕೇಳಬೇಕು. ಫೋನ್, ಆ್ಯಪ್, ಇಮೇಲ್, ಯಾವುದಾದರೂ ಸರಿ. ಫೋನಿನಲ್ಲಿ ಹೇಳಿದರೂ ಆಮೇಲೆ ಒಂದು ಇಮೇಲ್ ಹಾಕಿ. ಇಷ್ಟು ಬರೆದರೆ ಸಾಕು: "ಕೊನೆಯ ನಾಲ್ಕು ಅಂಕಿ ಇಂಥದ್ದು ಇರುವ ನನ್ನ ಕಾರ್ಡ್ ಖಾತೆಯನ್ನು ನನ್ನ ಕೋರಿಕೆಯ ಮೇಲೆ ಮುಚ್ಚಿ. ಬಾಕಿ ಸೊನ್ನೆ ಇದೆ ಅಂತ ಖಚಿತಪಡಿಸಿ. ಮುಚ್ಚಿದ್ದಕ್ಕೆ ಪತ್ರ ಕಳಿಸಿ." ಕಾರ್ಡಿನ ಪೂರ್ತಿ ನಂಬರ್, ಪಿನ್, ಒಟಿಪಿ ಯಾವುದನ್ನೂ ಬರೆಯಬೇಡಿ.

ಆ ಕಡೆಯಿಂದ ಮಾತಾಡುವವರು ನಿಮ್ಮನ್ನು ಉಳಿಸಿಕೊಳ್ಳಲು ನೋಡುತ್ತಾರೆ. ಅದು ಅವರ ಕೆಲಸ, ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕನೇ ಹಂತದಲ್ಲಿ ಕೇಳಿದ್ದು ಆಗ ಸಿಕ್ಕಿರಲಿಲ್ಲವಾದರೆ ಕೆಲವೊಮ್ಮೆ ಈಗ ಸಿಗುತ್ತದೆ. ಬೇಡ ಅನ್ನಿಸಿದರೆ "ಬೇಡ, ಕ್ಲೋಸ್ ಮಾಡಿ" ಅಂತ ಎರಡು ಸಲ ಹೇಳಿ, ಕೋರಿಕೆಯ ನಂಬರ್ ಬರೆದುಕೊಳ್ಳಿ. ಎಷ್ಟು ದಿನದಲ್ಲಿ ಮುಚ್ಚಬೇಕು ಅನ್ನುವುದಕ್ಕೆ ಕೆಲವು ದೇಶಗಳಲ್ಲಿ ಕಾನೂನೇ ಇದೆ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ, ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೇ ಕೊಡಬೇಕು.

ಬಾಕಿ ಕಟ್ಟಲಾಗದೆ ಕಾರ್ಡ್ ಮುಚ್ಚಿಸಲು ಹೊರಟವರಿಗೆ ಒಂದು ಮಾತು. "ಇಷ್ಟು ಕೊಡಿ, ಉಳಿದದ್ದು ಬಿಡುತ್ತೇವೆ" ಅನ್ನುವ ಸೆಟಲ್‌ಮೆಂಟ್‌ಗೂ ಕ್ಲೋಸ್ ಮಾಡುವುದಕ್ಕೂ ಆಕಾಶ ಭೂಮಿ ಅಂತರ. ಸೆಟಲ್ ಆದ ಖಾತೆ, ಪೂರ್ತಿ ಕಟ್ಟಲಿಲ್ಲ ಅನ್ನುವ ಗುರುತಿನೊಂದಿಗೆ ವರ್ಷಗಟ್ಟಲೆ ರಿಪೋರ್ಟ್‌ನಲ್ಲಿ ಕೂತಿರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತು ಬೇರೆ. ಕಂತು ಮಾಡಿಸಿಕೊಂಡಾದರೂ ಪೂರ್ತಿ ಕಟ್ಟಲು ಸಾಧ್ಯವಿದ್ದರೆ ಅದನ್ನೇ ಆರಿಸಿಕೊಳ್ಳಿ.

ಸ್ಕೋರ್ ಮರೆತು ಮುಚ್ಚಬೇಕಾದ ಸಂದರ್ಭಗಳು

ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೆ ಇದನ್ನೂ ಹೇಳಬೇಕು. ಕೈಯಲ್ಲಿ ಕಾರ್ಡ್ ಇದ್ದರೆ ಖರ್ಚು ತಡೆಯಲು ಆಗುವುದಿಲ್ಲ, ಪ್ರತಿ ತಿಂಗಳೂ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದೀರಿ, ಬಡ್ಡಿ ಬೆಳೆಯುತ್ತಿದೆ ಅಂದರೆ ತೀರಿಸಿ ಮುಚ್ಚಿ. ಇಳಿದ ಸ್ಕೋರ್ ಕೆಲವು ತಿಂಗಳಲ್ಲಿ ಏರುತ್ತದೆ. ಕಾರ್ಡ್ ಸಾಲ ಅಷ್ಟು ಬೇಗ ಇಳಿಯುವುದಿಲ್ಲ. ಬೇರೆಯಾದ ಸಂಗಾತಿಯ ಜೊತೆ ಹಂಚಿಕೊಂಡ ಕಾರ್ಡ್ ಇದ್ದರೂ ಅಷ್ಟೇ. ಅವರು ಉಜ್ಜುವ ಪ್ರತಿ ಬಿಲ್ಲಿಗೂ ನೀವು ಹೊಣೆ ಆಗಿರುತ್ತೀರಿ. ಶುಲ್ಕ ಜಾಸ್ತಿ, ಉಪಯೋಗ ಶೂನ್ಯ, ಬ್ಯಾಂಕ್ ಯಾವುದಕ್ಕೂ ಒಪ್ಪುತ್ತಿಲ್ಲ, ನಿಮಗೆ ಸದ್ಯ ಸಾಲದ ಅಗತ್ಯವೂ ಇಲ್ಲ ಅಂದಾಗಲೂ ನಾನು ಮುಚ್ಚಿ ಅನ್ನುತ್ತೇನೆ. ಯಾರಿಗೂ ತೋರಿಸದ ಸ್ಕೋರ್‌ಗೋಸ್ಕರ ಪ್ರತಿ ವರ್ಷ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಹಂತ 7: ರಿಪೋರ್ಟ್ ತೆಗೆದು ನೋಡಿ

ಮುಚ್ಚಿದ ಒಂದೂವರೆ ಎರಡು ತಿಂಗಳ ನಂತರ ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೆಯಿರಿ. ಹಲವು ದೇಶಗಳಲ್ಲಿ ಇದು ಉಚಿತ. ಭಾರತದಲ್ಲಿ ಪ್ರತಿ ಬ್ಯೂರೊ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ನಿಮ್ಮ ರಿಪೋರ್ಟ್ ನೀವೇ ತೆಗೆದು ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಆ ಭಯ ಬಿಡಿ.

ನೋಡಬೇಕಾದ್ದು ಮೂರು. ಖಾತೆ ಮುಚ್ಚಿದೆ ಅಂತ ಇದೆಯಾ. ಬಾಕಿ ಸೊನ್ನೆ ಇದೆಯಾ. ಕಾರಣ ಬರೆಯುವ ಕಡೆ ಗ್ರಾಹಕರ ಕೋರಿಕೆ ಅಂತ ಇದೆಯಾ, ಅಥವಾ ಸೆಟಲ್ ಆಗಿದೆ, ವಸೂಲಾಗಿಲ್ಲ ಅನ್ನುವಂಥದ್ದೇನಾದರೂ ಇದೆಯಾ. ಮೊದಲ ಎರಡು ತಪ್ಪಿದ್ದರೆ ಇನ್ನೊಂದು ತಿಂಗಳು ಕಾಯಬಹುದು. ಮಾಹಿತಿ ತಲುಪಲು ತಡ ಆಗಿರಬಹುದು. ಮೂರನೆಯದು ತಪ್ಪಿದ್ದರೆ ಅದೇ ದಿನ ಬ್ಯೂರೊಗೂ ಬ್ಯಾಂಕಿಗೂ ತಕರಾರು ಹಾಕಿ. ಭಾರತದಲ್ಲೂ ಅಮೆರಿಕದಲ್ಲೂ ಸಾಮಾನ್ಯವಾಗಿ 30 ದಿನದೊಳಗೆ ಅದನ್ನು ಇತ್ಯರ್ಥ ಮಾಡಬೇಕು. ಆಗ ನಿಮ್ಮ ಪರ ಸಾಕ್ಷಿ ಹೇಳುವುದು ಆರನೇ ಹಂತದಲ್ಲಿ ಕೇಳಿ ಪಡೆದ ಆ ಪತ್ರ. ನನ್ನ ಹತ್ತಿರ ಅದು ಇರಲಿಲ್ಲ. ಮೂರು ತಿಂಗಳು ಅಲೆದಾಡಿದ ಮೇಲೆ ಸಿಕ್ಕಿತು. ಈಗ ಅದರ ಒಂದು ಪ್ರತಿ ಮೇಲ್‌ನಲ್ಲಿದೆ, ಇನ್ನೊಂದು ಅದೇ ಡ್ರಾಯರ್‌ನಲ್ಲಿ, ಕಾರ್ಡ್ ಇದ್ದ ಜಾಗದಲ್ಲೇ.